ಹುರುಳಿಕಾಳಿನ ಒಗ್ಗರಣೆ ಮತ್ತು ಕಟ್ಟಿನ ಸಾರು: ಮನೆಯಲ್ಲಿ ತಯಾರಿಸುವ ಕ್ರಮ

ಪೀಠಿಕೆ

ಹುರುಳಿಯು ಕರ್ನಾಟಕದ ಒಣಬೇಸಾಯ ಪ್ರದೇಶಗಳಲ್ಲಿ ಬಹು ಹಿಂದಿನಿಂದ ಬೆಳೆಯಲಾಗುತ್ತಿರುವ ದ್ವಿದಳ ಧಾನ್ಯವಾಗಿದೆ. ಬಳ್ಳಾರಿ ಸಮೀಪದ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ನಡೆದ ಉತ್ಖನನಗಳಲ್ಲಿ ಸುಟ್ಟು ಕರಿಕಾದ ಹುರುಳಿಕಾಳುಗಳು ದೊರೆತಿವೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ನಾಡಿನ ಜನರು ಹುರುಳಿಯನ್ನು ಆಹಾರವಾಗಿ ಬಳಸುತ್ತಿದ್ದರೆಂಬುದು ಇದರಿಂದ ತಿಳಿದುಬರುತ್ತದೆ. ಕಡಿಮೆ ಮಳೆ ಹಾಗೂ ಕಡಿಮೆ ಫಲವತ್ತಾದ ಕೆಂಪು ಮಣ್ಣಿನಲ್ಲಿಯೂ, ಮುಂಗಾರು ಕೈಕೊಟ್ಟ ವರ್ಷ ತಡವಾಗಿ ಬಿತ್ತಿದರೂ ಒಂದಿಷ್ಟು ಫಸಲನ್ನು ಕೊಡುವ ಬೆಳೆ ಇದಾದುದರಿಂದ ರೈತರು ಇದನ್ನು ಕೈಬಿಟ್ಟಿಲ್ಲ.

ಎತ್ತು ಮತ್ತು ಕುದುರೆಗಳಿಗೆ ಹುರುಳಿಯನ್ನು ಬೇಯಿಸಿ ತಿನ್ನಿಸುವ ರೂಢಿ ಇರುವುದರಿಂದ, ಇದು ದನದ ಮೇವು ಅಥವಾ ಬಡವರ ಕಾಳು ಎಂಬ ಭಾವನೆ ಕೆಲವರಲ್ಲಿ ಬೆಳೆದಿದೆ. ಈ ಭಾವನೆಗೆ ಆಧಾರವಿಲ್ಲ. ಬೆಲೆಯಲ್ಲಿ ಸಾಧಾರಣವಾದ, ವರ್ಷವಿಡೀ ಕೆಡದಂತೆ ಇಡಬಹುದಾದ ಹಾಗೂ ಪೋಷಕಾಂಶಗಳಲ್ಲಿ ಇತರ ಬೇಳೆಕಾಳುಗಳಿಗೆ ಸರಿಸಮನಾದ ಕಾಳು ಇದಾಗಿದೆ.

ಒಂದೇ ಪಾತ್ರೆಯಲ್ಲಿ ಬೇಯಿಸಿದ ಹುರುಳಿಯಿಂದ ಕಾಳಿನ ಒಗ್ಗರಣೆ ಪಲ್ಯ ಹಾಗೂ ಬಸಿದ ಕಟ್ಟಿನಿಂದ ಸಾರು, ಹೀಗೆ ಎರಡು ಪದಾರ್ಥಗಳನ್ನು ತಯಾರಿಸುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಹಳೆಯ ಮೈಸೂರು ಭಾಗದಲ್ಲಿ ಈ ಸಾರನ್ನು ಬಸ್ಸಾರು ಎಂದು ಕರೆಯಲಾಗುತ್ತದೆ. ಕಾಳುಗಳನ್ನು ಆರಿಸುವುದು, ನೆನೆಸುವುದು, ಬೇಯಿಸುವುದು ಮತ್ತು ಕಾಪಾಡುವುದರ ಬಗ್ಗೆ ನೀಡಲಾಗಿರುವ ಸೂಚನೆಗಳು ಇತರ ಒಣ ಕಾಳುಗಳಿಗೂ ಬಹುಮಟ್ಟಿಗೆ ಅನ್ವಯವಾಗುತ್ತವೆ.

ಹುರುಳಿಯಲ್ಲಿರುವ ಪೋಷಕಾಂಶಗಳು

100 ಗ್ರಾಂ ಒಣ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, 57 ಗ್ರಾಂನಷ್ಟು ಶರ್ಕರಪಿಷ್ಟ, 270ರಿಂದ 290 ಮಿಲಿಗ್ರಾಂ ಸುಣ್ಣದಂಶ ಹಾಗೂ 7ರಿಂದ 9 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತವೆ. ಕೊಬ್ಬಿನಂಶ ಅತ್ಯಲ್ಪ. ನಾರಿನಂಶವು ಸಾಕಷ್ಟು ಇರುವುದರಿಂದ ಜೀರ್ಣಕ್ರಿಯೆಯು ನಿಧಾನವಾಗಿ ನಡೆದು ಹೊಟ್ಟೆ ತುಂಬಿದ ಭಾವನೆಯು ಹೆಚ್ಚು ಹೊತ್ತು ಉಳಿಯುತ್ತದೆ.

ರಾಗಿ, ಜೋಳ, ಅಕ್ಕಿ ಮೊದಲಾದ ಏಕದಳ ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲದ ಕೊರತೆ ಇರುತ್ತದೆ. ಹುರುಳಿ ಮೊದಲಾದ ದ್ವಿದಳ ಧಾನ್ಯಗಳಲ್ಲಿ ಲೈಸಿನ್ ಹೇರಳವಾಗಿದ್ದು ಮೆಥಿಯೋನಿನ್ ಎಂಬುದು ಕಡಿಮೆ ಇರುತ್ತದೆ. ಇವೆರಡನ್ನೂ ಕೂಡಿಸಿ ಉಂಡಾಗ ಒಂದರ ಕೊರತೆಯನ್ನು ಮತ್ತೊಂದು ತುಂಬಿಕೊಡುತ್ತದೆ. ಮುದ್ದೆಯೊಡನೆ ಬಸ್ಸಾರು, ರೊಟ್ಟಿಯೊಡನೆ ಕಾಳುಪಲ್ಯ, ಅನ್ನದೊಡನೆ ಹುರುಳಿಸಾರು ಉಣ್ಣುವ ನಮ್ಮ ರೂಢಿಯು ಈ ದೃಷ್ಟಿಯಿಂದ ಯುಕ್ತವಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕಿಲೋ ಕ್ಯಾಲೊರಿ ಆಹಾರ ಸೇವಿಸುವ ವ್ಯಕ್ತಿಗೆ ಬೇಳೆಕಾಳು, ಮೊಟ್ಟೆ ಹಾಗೂ ಮಾಂಸದ ಗುಂಪಿನಿಂದ 85 ಗ್ರಾಂ ಸೂಚಿಸಲಾಗಿದೆ. ಮೊಟ್ಟೆ ಮಾಂಸಗಳನ್ನು ತಿನ್ನದ ಅಥವಾ ಅಪರೂಪಕ್ಕೆ ತಿನ್ನುವ ಕುಟುಂಬಗಳಲ್ಲಿ ಈ ಪ್ರಮಾಣವು ಮುಖ್ಯವಾಗಿ ಬೇಳೆಕಾಳುಗಳಿಂದಲೇ ದೊರೆಯಬೇಕಾಗುತ್ತದೆ.

ಕಾಳು ಯಾರ ತಟ್ಟೆಗೆ ಸೇರುತ್ತಿದೆ?

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇಕಡ 47.8ರಷ್ಟು ಹಾಗೂ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇಕಡ 65.5ರಷ್ಟು ಜನರಲ್ಲಿ ರಕ್ತಹೀನತೆ ಕಂಡುಬಂದಿದೆ. ರಕ್ತಹೀನತೆಗೆ ಕಾರಣಗಳು ಹಲವು. ಊಟದಲ್ಲಿ ಕಬ್ಬಿಣಾಂಶದ ಕೊರತೆಯು ಅವುಗಳಲ್ಲಿ ಪ್ರಮುಖವಾದುದು.

ಮನೆಮಂದಿಗೆಲ್ಲ ಬಡಿಸಿ ಕೊನೆಯಲ್ಲಿ ಉಣ್ಣುವ ಮಹಿಳೆಯರ ಪಾಲಿಗೆ ಹಲವು ಮನೆಗಳಲ್ಲಿ ತಿಳಿಯಾದ ಸಾರು ಮಾತ್ರ ಉಳಿದಿರುತ್ತದೆ. ಖಾರವೆಂಬ ಕಾರಣದಿಂದ ಮಕ್ಕಳಿಗೂ ಕಾಳನ್ನು ಬಿಟ್ಟು ಸಾರಿನ ನೀರಿನಲ್ಲಿಯೇ ಅನ್ನವನ್ನು ಕಲಸಿ ಉಣಿಸಲಾಗುತ್ತದೆ. ಕಾಳು ಬೆಂದ ಕಟ್ಟಿನಲ್ಲಿ ಕೆಲವು ಖನಿಜಗಳು, ಬಿ ಗುಂಪಿನ ಜೀವಸತ್ವಗಳು ಹಾಗೂ ರುಚಿ ಇಳಿದಿರುತ್ತವೆಯಾದರೂ ಸಸಾರಜನಕದ ಹೆಚ್ಚಿನ ಪಾಲು ಕಾಳಿನಲ್ಲಿಯೇ ಉಳಿದಿರುತ್ತದೆ. ಆದುದರಿಂದ ಸಾರು ಸಿಕ್ಕಿತೆಂದ ಮಾತ್ರಕ್ಕೆ ಕಾಳಿನ ಪೋಷಣೆ ಸಿಕ್ಕಿತೆಂದು ತಿಳಿಯಬಾರದು.

ಈ ಪುಟದಲ್ಲಿ ಸೂಚಿಸಿರುವ 200 ಗ್ರಾಂ ಒಣ ಹುರುಳಿಯನ್ನು ನಾಲ್ವರು ಸಮನಾಗಿ ಹಂಚಿಕೊಂಡಲ್ಲಿ ತಲಾ 50 ಗ್ರಾಂ ದೊರೆಯುತ್ತದೆ. ಇದರಿಂದ ಪ್ರತಿಯೊಬ್ಬರಿಗೂ ಸುಮಾರು 11 ಗ್ರಾಂ ಸಸಾರಜನಕ ಲಭಿಸುತ್ತದೆ. ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದ ಸುಮಾರು 46 ಗ್ರಾಂನಲ್ಲಿ ಇದು ನಾಲ್ಕನೆಯ ಒಂದು ಭಾಗಕ್ಕೆ ಸಮೀಪವಾಗಿದೆ. ಬೇಯಿಸಿದ ಕಾಳನ್ನು ಬಡಿಸುವ ಮೊದಲೇ ನಾಲ್ಕು ಪಾಲು ಮಾಡಿ ತೆಗೆದಿರಿಸುವುದು ಸುಲಭವಾದ ಹಾಗೂ ಖರ್ಚಿಲ್ಲದ ಕ್ರಮವಾಗಿದೆ.

ಕಾಳುಗಳ ಆಯ್ಕೆ ಮತ್ತು ಶುಚಿಗೊಳಿಸುವಿಕೆ

1. ಆಯಾ ವರ್ಷದ ಹೊಸ ಕಾಳು ಬೇಗ ಬೇಯುತ್ತದೆ. ಬಿಸಿಲು ಹಾಗೂ ತೇವ ಹೆಚ್ಚಿರುವ ಸ್ಥಳದಲ್ಲಿ ಬಹುಕಾಲ ಇಟ್ಟ ಕಾಳು ಗಡುಸಾಗಿ, ಎಷ್ಟು ಹೊತ್ತು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಒಂದೇ ಗಾತ್ರದ, ತುಂಬಿದ, ಹೊಳಪುಳ್ಳ ಕಾಳುಗಳನ್ನು ಆರಿಸಿಕೊಳ್ಳಬೇಕು.

2. ಹಳೆಯ ಕಾಳು ಮತ್ತು ಹೊಸ ಕಾಳುಗಳನ್ನು ಬೆರೆಸಿ ಬೇಯಿಸಬಾರದು. ಹೊಸದು ಕರಗುವ ಹೊತ್ತಿಗೆ ಹಳೆಯದು ಅರೆಬೆಂದಿರುತ್ತದೆ.

3. ಕಾಳುಗಳನ್ನು ಮೊರದಲ್ಲಿ ಕೇರಿ ಹೊಟ್ಟು, ಜೊಳ್ಳು ಹಾಗೂ ಕಡ್ಡಿಗಳನ್ನು ತೆಗೆಯಬೇಕು. ಹುರುಳಿಯ ಬಣ್ಣ ಹಾಗೂ ಗಾತ್ರವನ್ನೇ ಹೋಲುವ ಸಣ್ಣ ಕಲ್ಲು ಮತ್ತು ಮಣ್ಣಿನ ಹೆಂಟೆಗಳು ಅದರಲ್ಲಿ ಬೆರೆತಿರುವುದು ಸಾಮಾನ್ಯ. ಬೆಳಕಿರುವ ಕಡೆ ತಟ್ಟೆಯಲ್ಲಿ ಹರವಿ ಕಲ್ಲನ್ನು ಆರಿಸಬೇಕು.

4. ನಂತರ ಎರಡು ಪಾತ್ರೆಗಳನ್ನು ಬಳಸಿ ನೀರಿನಲ್ಲಿ ಜಾಲಿಸಬೇಕು. ಕಾಳು ನೀರಿನೊಡನೆ ಮುಂದಿನ ಪಾತ್ರೆಗೆ ಹೋಗಿ, ಭಾರವಾದ ಕಲ್ಲು ಮೊದಲ ಪಾತ್ರೆಯ ತಳದಲ್ಲಿ ಉಳಿಯುತ್ತದೆ. ಮೇಲೆ ತೇಲುವ ಕಾಳುಗಳು ಬಹುಪಾಲು ಹುಳು ಹಿಡಿದವುಗಳಾಗಿರುವುದರಿಂದ ಅವನ್ನು ತೆಗೆದುಹಾಕಬೇಕು.

5. ಬಿತ್ತನೆಗಾಗಿ ಔಷಧಿ ಲೇಪಿಸಿದ ಬೀಜವನ್ನು ಯಾವುದೇ ಸಂದರ್ಭದಲ್ಲಿಯೂ ಅಡುಗೆಗೆ ಬಳಸಕೂಡದು. ಬೀಜೋಪಚಾರ ಮಾಡಿದ ಬೀಜಗಳಿಗೆ ಸಾಮಾನ್ಯವಾಗಿ ಕೆಂಪು, ಗುಲಾಬಿ, ಹಸಿರು ಮುಂತಾದ ಬಣ್ಣವನ್ನು ಬಳಿದಿರಲಾಗುತ್ತದೆ. ಎಷ್ಟೇ ಸಲ ತೊಳೆದರೂ ಅವು ತಿನ್ನಲು ಯೋಗ್ಯವಾಗುವುದಿಲ್ಲ. ಬಿತ್ತಿ ಉಳಿದ ಬೀಜವನ್ನು ಅಡುಗೆಮನೆಯಲ್ಲಿ ಇಡಬಾರದು. ಅದನ್ನು ದನ ಕೋಳಿಗಳಿಗೂ ಹಾಕಬಾರದು.

ನೆನೆಸುವ ವಿಧಾನ

ಶುಚಿಗೊಳಿಸಿದ ಕಾಳನ್ನು ಅದರ ಮೂರರಷ್ಟು ಅಳತೆಯ ನೀರಿನಲ್ಲಿ 8ರಿಂದ 10 ಗಂಟೆಗಳ ಕಾಲ ನೆನೆಸಬೇಕು. ರಾತ್ರಿ ಮಲಗುವ ಮುನ್ನ ನೆನೆಹಾಕಿದಲ್ಲಿ ಬೆಳಗಿನ ಅಡುಗೆಗೆ ಸಿದ್ಧವಾಗಿರುತ್ತದೆ. ಕಾಳು ಉಬ್ಬಲು ಅವಕಾಶವಿರುವಂತಹ ಅಗಲವಾದ ಪಾತ್ರೆಯನ್ನು ಬಳಸಬೇಕು. ಬೇಸಿಗೆಯಲ್ಲಿ 10 ಗಂಟೆಗಳಿಗಿಂತ ಹೆಚ್ಚು ಹೊತ್ತು ಬಿಟ್ಟರೆ ನೀರು ಹುಳಿತು ವಾಸನೆ ಬರುತ್ತದೆ. ಅಂತಹ ಸಂದರ್ಭದಲ್ಲಿ ನಡುವೆ ಒಮ್ಮೆ ನೀರನ್ನು ಬದಲಿಸುವುದು ಒಳಿತು.

ನೆನೆಸುವುದರಿಂದ ಆಗುವ ಪ್ರಯೋಜನಗಳು ಈ ಕೆಳಕಂಡಂತಿವೆ:

- ಬೇಯುವ ಸಮಯ ಹಾಗೂ ಇಂಧನದ ಖರ್ಚು ಕಡಿಮೆಯಾಗುತ್ತದೆ.
- ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಕೆಲವು ಸಕ್ಕರೆಗಳು ನೀರಿಗೆ ಇಳಿಯುತ್ತವೆ. ಇವು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ಸೇರಿ ಅಲ್ಲಿನ ಸೂಕ್ಷ್ಮಜೀವಿಗಳಿಂದ ವಾಯುವನ್ನು ಉಂಟುಮಾಡುತ್ತವೆ.
- ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳದಂತೆ ತಡೆಯುವ ಫೈಟೇಟ್ ಎಂಬ ಅಂಶವು ಸ್ವಲ್ಪಮಟ್ಟಿಗೆ ಕುಗ್ಗುತ್ತದೆ.

ನೆನೆಸಿದ ನೀರನ್ನು ಚೆಲ್ಲಿ, ಕಾಳನ್ನು ಮತ್ತೊಮ್ಮೆ ತೊಳೆದು, ಹೊಸ ನೀರಿನಲ್ಲಿ ಬೇಯಿಸುವುದು ಸೂಕ್ತ. ಆದರೆ ಬೇಯಿಸಿದ ನೀರನ್ನು, ಅಂದರೆ ಕಟ್ಟನ್ನು, ಚೆಲ್ಲಬಾರದು. ಈ ಎರಡು ನೀರುಗಳ ನಡುವಣ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಕಾಳನ್ನು ಮೊಳಕೆ ಬರಿಸಿ ಬಳಸುವುದಾದಲ್ಲಿ, ನೆನೆದ ಕಾಳಿನ ನೀರನ್ನು ಬಸಿದು ತೆಳುವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಡಬೇಕು. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು. ಮೊಳಕೆ ಬಂದ ಕಾಳಿನಲ್ಲಿ ಸಿ ಜೀವಸತ್ವವು ಉಂಟಾಗುತ್ತದೆ ಹಾಗೂ ಫೈಟೇಟ್ ಅಂಶವು ಇನ್ನಷ್ಟು ಕಡಿಮೆಯಾಗುತ್ತದೆ. ಮೊಳಕೆ ಕಾಳನ್ನು ಗರ್ಭಿಣಿಯರು, ಮಕ್ಕಳು ಮತ್ತು ವೃದ್ಧರು ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಬೇಕು. ಮೊಳಕೆ ಬರಿಸುವ ಬೆಚ್ಚಗಿನ ತೇವದಲ್ಲಿ ರೋಗಾಣುಗಳೂ ಬೆಳೆಯುವ ಸಾಧ್ಯತೆ ಇರುತ್ತದೆ.

ಬೇಕಾಗುವ ಸಾಮಗ್ರಿಗಳು (ನಾಲ್ವರಿಗೆ)

ಬೇಯಿಸಲು:
- ಒಣ ಹುರುಳಿಕಾಳು: 200 ಗ್ರಾಂ
- ನೀರು: 1 ಲೀಟರ್
- ಅರಿಶಿನ: ಚಿಟಿಕೆ

ಕಾಳಿನ ಒಗ್ಗರಣೆಗೆ:
- ಎಣ್ಣೆ: 2 ಟೀ ಚಮಚ
- ಸಾಸಿವೆ: ಅರ್ಧ ಟೀ ಚಮಚ
- ಒಣಮೆಣಸಿನಕಾಯಿ: 2
- ಬೆಳ್ಳುಳ್ಳಿ: 6 ಎಸಳು
- ಈರುಳ್ಳಿ: 1, ಸಣ್ಣಗೆ ಹೆಚ್ಚಿದ್ದು
- ಕರಿಬೇವು: 1 ಎಸಳು
- ಇಂಗು: ಚಿಟಿಕೆ
- ತೆಂಗಿನಕಾಯಿ ತುರಿ: 2 ದೊಡ್ಡ ಚಮಚ
- ನಿಂಬೆಹಣ್ಣು: ಅರ್ಧ ಹೋಳು
- ಕೊತ್ತಂಬರಿ ಸೊಪ್ಪು: ಸ್ವಲ್ಪ

ಕಟ್ಟಿನ ಸಾರಿಗೆ:
- ಬೆಂದ ಕಾಳು: 1 ಹಿಡಿ
- ಈರುಳ್ಳಿ: 1
- ಬೆಳ್ಳುಳ್ಳಿ: 6 ಎಸಳು
- ಸಾರಿನ ಪುಡಿ: 2 ಟೀ ಚಮಚ
- ಜೀರಿಗೆ: ಅರ್ಧ ಟೀ ಚಮಚ
- ಕಾಳುಮೆಣಸು: 6ರಿಂದ 8
- ತೆಂಗಿನಕಾಯಿ ತುರಿ: 2 ದೊಡ್ಡ ಚಮಚ
- ಹುಣಸೆಹಣ್ಣು: ಗೋಲಿಯ ಗಾತ್ರ
- ಒಗ್ಗರಣೆಗೆ ಎಣ್ಣೆ: 1 ಟೀ ಚಮಚ, ಸಾಸಿವೆ ಮತ್ತು ಕರಿಬೇವು

ಎರಡೂ ಪದಾರ್ಥಗಳಿಗೆ ಸೇರಿ ಒಂದೂವರೆ ಟೀ ಚಮಚದಷ್ಟು ಉಪ್ಪು ಸಾಕಾಗುತ್ತದೆ. ಒಬ್ಬ ವಯಸ್ಕ ವ್ಯಕ್ತಿಯು ದಿನಕ್ಕೆ ಸೇವಿಸುವ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಾಗಿದೆ.

ಬೇಯಿಸುವ ವಿಧಾನ

ಕುಕ್ಕರ್‌ನಲ್ಲಿ: ನೆನೆದ ಕಾಳು, ನೀರು ಹಾಗೂ ಅರಿಶಿನವನ್ನು ಕುಕ್ಕರ್‌ಗೆ ಹಾಕಬೇಕು. ಕಾಳುಗಳು ಬೇಯುವಾಗ ನೊರೆ ಬರುವುದರಿಂದ ಕುಕ್ಕರ್‌ನ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಮೇಲಿನ ಅಳತೆಗೆ 5 ಲೀಟರ್ ಕುಕ್ಕರ್ ಅನುಕೂಲಕರ. ಕುದಿ ಬಂದಾಗ ಮೇಲಿನ ನೊರೆಯನ್ನು ಸೌಟಿನಿಂದ ತೆಗೆದು ನಂತರ ಮುಚ್ಚಳ ಹಾಕಬೇಕು. ಮೊದಲ ಕೂಗು ಬಂದ ಕೂಡಲೇ ಉರಿಯನ್ನು ಸಣ್ಣದು ಮಾಡಿ 15ರಿಂದ 20 ನಿಮಿಷ ಬೇಯಿಸಬೇಕು. ಕುಕ್ಕರ್‌ನೊಳಗೆ ಒತ್ತಡ ತುಂಬಿದ ಮೇಲೆ ದೊಡ್ಡ ಉರಿಯಿಂದ ಕಾಳು ಬೇಗ ಬೇಯುವುದಿಲ್ಲ, ಅನಿಲ ಮಾತ್ರ ವ್ಯರ್ಥವಾಗುತ್ತದೆ. ಉರಿಯನ್ನು ಆರಿಸಿದ ನಂತರ ಒತ್ತಡವು ತಾನಾಗಿ ಇಳಿಯುವವರೆಗೆ ಮುಚ್ಚಳವನ್ನು ತೆಗೆಯಬಾರದು. ಈ ಸಮಯದಲ್ಲಿಯೂ ಕಾಳು ಒಳಗಿನ ಶಾಖದಿಂದ ಬೇಯುತ್ತಿರುತ್ತದೆ.

ತೆರೆದ ಪಾತ್ರೆಯಲ್ಲಿ: ಒಂದೂವರೆ ಲೀಟರ್ ನೀರನ್ನು ಕುದಿಸಿ, ನೆನೆದ ಕಾಳನ್ನು ಹಾಕಿ, ಮುಚ್ಚಳ ಮುಚ್ಚಿ ಹದವಾದ ಉರಿಯಲ್ಲಿ ಬೇಯಿಸಬೇಕು. ಹೊಸ ಕಾಳು ಒಂದು ಗಂಟೆಯ ಆಸುಪಾಸಿನಲ್ಲಿ ಬೇಯುತ್ತದೆ. ಹಳೆಯ ಕಾಳಿಗೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ನೀರು ಕಡಿಮೆಯಾದಲ್ಲಿ ಬಿಸಿನೀರನ್ನೇ ಸೇರಿಸಬೇಕು. ಬೇಯುವ ಪಾತ್ರೆಯ ಮೇಲೆಯೇ ನೀರು ತುಂಬಿದ ತಟ್ಟೆಯನ್ನು ಮುಚ್ಚಿದರೆ ಆ ನೀರು ಬಿಸಿಯಾಗಿ ಸೇರಿಸಲು ಸಿದ್ಧವಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಇದರಿಂದಾಗಿ ಕರಾವಳಿಗಿಂತ ಒಳನಾಡಿನ ಎತ್ತರದ ಊರುಗಳಲ್ಲಿ ತೆರೆದ ಪಾತ್ರೆಯ ಕಾಳು ಸ್ವಲ್ಪ ತಡವಾಗಿ ಬೇಯುತ್ತದೆ. ಕುಕ್ಕರ್‌ನಲ್ಲಿ ಉಷ್ಣತೆಯು 120 ಡಿಗ್ರಿಯ ಸಮೀಪಕ್ಕೆ ಏರುವುದರಿಂದ ಸಮಯ ಬಹಳಷ್ಟು ಉಳಿಯುತ್ತದೆ.

ಹದವನ್ನು ತಿಳಿಯುವ ಬಗೆ: ಒಂದು ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದಾಗ ಸಿಪ್ಪೆ ಸಹಿತ ಹಿಸುಕಿ ಹೋಗಬೇಕು, ನಡುವೆ ಗಟ್ಟಿಯಾದ ಬಿಳಿ ತಿರುಳು ಉಳಿದಿರಬಾರದು. ಒಂದೇ ಕಾಳನ್ನು ನೋಡಿ ತೀರ್ಮಾನಿಸದೆ ನಾಲ್ಕೈದು ಕಾಳುಗಳನ್ನು ನೋಡಬೇಕು.

ಬೆಂದ ಕಾಳನ್ನು ಜರಡಿ ಅಥವಾ ತೂತಿನ ತಟ್ಟೆಯ ಮೂಲಕ ಬಸಿದು ಕಟ್ಟನ್ನು ಬೇರೆ ಪಾತ್ರೆಯಲ್ಲಿ ಇಟ್ಟುಕೊಳ್ಳಬೇಕು. 200 ಗ್ರಾಂ ಒಣ ಕಾಳು ಬೆಂದು ಬಸಿದ ನಂತರ ಎರಡರಿಂದ ಎರಡೂವರೆ ಪಟ್ಟು ತೂಗುತ್ತದೆ.

ಕಾಳಿಗೆ ಒಗ್ಗರಣೆ

ಬಾಣಲೆಯಲ್ಲಿ ಎಣ್ಣೆಯನ್ನು ಕಾಯಿಸಿ ಸಾಸಿವೆಯನ್ನು ಹಾಕಬೇಕು. ಸಾಸಿವೆ ಪೂರ್ಣವಾಗಿ ಸಿಡಿದ ಮೇಲೆ ಉರಿಯನ್ನು ತಗ್ಗಿಸಿ, ಮುರಿದ ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಇಂಗು ಹಾಗೂ ಕರಿಬೇವನ್ನು ಕ್ರಮವಾಗಿ ಹಾಕಬೇಕು. ಬೆಳ್ಳುಳ್ಳಿಯು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಈರುಳ್ಳಿಯನ್ನು ಸೇರಿಸಿ ಮೆತ್ತಗಾಗುವವರೆಗೆ ಬಾಡಿಸಬೇಕು. ಸಾಸಿವೆ ಸಿಡಿಯುವ ಮುನ್ನ ಇತರ ಪದಾರ್ಥಗಳನ್ನು ಹಾಕಿದಲ್ಲಿ ಸಾಸಿವೆಯ ಕಹಿ ಉಳಿಯುತ್ತದೆ. ಬೆಳ್ಳುಳ್ಳಿಯು ಕಪ್ಪಾದಲ್ಲಿ ಇಡೀ ಪಲ್ಯಕ್ಕೆ ಸೀದ ವಾಸನೆ ಹಿಡಿಯುತ್ತದೆ.

ಬಸಿದ ಕಾಳಿನಲ್ಲಿ ಒಂದು ಹಿಡಿಯನ್ನು ಸಾರಿಗೆಂದು ತೆಗೆದಿರಿಸಿ, ಉಳಿದುದನ್ನು ಬಾಣಲೆಗೆ ಹಾಕಿ, ಉಪ್ಪು ಸೇರಿಸಿ, ಎರಡು ದೊಡ್ಡ ಚಮಚ ಕಟ್ಟನ್ನು ಚಿಮುಕಿಸಿ, ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಬೇಕು. ಇದರಿಂದ ಉಪ್ಪು ಖಾರಗಳು ಕಾಳಿನ ಒಳಗೆ ಇಳಿಯುತ್ತವೆ. ಇಳಿಸಿದ ಮೇಲೆ ತೆಂಗಿನ ತುರಿ ಹಾಗೂ ಕೊತ್ತಂಬರಿ ಸೊಪ್ಪನ್ನು ಬೆರೆಸಿ, ಬಡಿಸುವಾಗ ನಿಂಬೆರಸವನ್ನು ಹಿಂಡಬೇಕು. ನಿಂಬೆಯಲ್ಲಿರುವ ಸಿ ಜೀವಸತ್ವವು ಕಾಳಿನ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ಒಲೆಯ ಮೇಲಿರುವಾಗಲೇ ನಿಂಬೆರಸ ಹಾಕಿದಲ್ಲಿ ಆ ಜೀವಸತ್ವವು ಶಾಖದಿಂದ ನಾಶವಾಗುತ್ತದೆ.

ಕಟ್ಟಿನ ಸಾರು

ಒಂದು ಟೀ ಚಮಚ ಎಣ್ಣೆಯಲ್ಲಿ ಅರ್ಧದಷ್ಟನ್ನು ಬಳಸಿ ಈರುಳ್ಳಿ ಮತ್ತು ಬೆಳ್ಳುಳ್ಳಿಯನ್ನು ಬಾಡಿಸಬೇಕು. ಅದಕ್ಕೆ ಜೀರಿಗೆ, ಕಾಳುಮೆಣಸು, ತೆಂಗಿನ ತುರಿ, ಸಾರಿನ ಪುಡಿ ಹಾಗೂ ತೆಗೆದಿರಿಸಿದ ಬೆಂದ ಕಾಳನ್ನು ಸೇರಿಸಿ ನುಣ್ಣಗೆ ರುಬ್ಬಬೇಕು. ಬೆಂದ ಕಾಳು ಸಾರಿಗೆ ಮಂದವನ್ನು ಕೊಡುತ್ತದೆ. ರುಬ್ಬಿದ ಮಸಾಲೆಯನ್ನು ಕಟ್ಟಿಗೆ ಬೆರೆಸಿ, ಹುಣಸೆಹಣ್ಣಿನ ರಸ ಮತ್ತು ಉಪ್ಪನ್ನು ಸೇರಿಸಿ, ಹಸಿವಾಸನೆ ಹೋಗುವವರೆಗೆ 8ರಿಂದ 10 ನಿಮಿಷ ಕುದಿಸಬೇಕು. ಕೊನೆಯಲ್ಲಿ ಉಳಿದ ಎಣ್ಣೆಯಲ್ಲಿ ಸಾಸಿವೆ ಮತ್ತು ಕರಿಬೇವಿನ ಒಗ್ಗರಣೆ ಕೊಡಬೇಕು.

ಕಾಳಿನೊಡನೆ ದಂಟಿನ ಸೊಪ್ಪು, ಕೀರೆ ಸೊಪ್ಪು, ಹುರುಳಿಕಾಯಿ ಇತ್ಯಾದಿ ಸೊಪ್ಪು ತರಕಾರಿಗಳನ್ನೂ ಬೇಯಿಸಿ ಬಸಿದು ಬಸ್ಸಾರು ಮಾಡುವ ರೂಢಿ ಮಂಡ್ಯ, ಮೈಸೂರು, ಹಾಸನ, ತುಮಕೂರು ಮೊದಲಾದ ಜಿಲ್ಲೆಗಳಲ್ಲಿದೆ. ಸೊಪ್ಪನ್ನು ಕಾಳಿನ ಜೊತೆಗೇ ಕುಕ್ಕರ್‌ಗೆ ಹಾಕದೆ, ಕಾಳು ಬೆಂದ ನಂತರ ಹಾಕಿ ಐದಾರು ನಿಮಿಷ ಬೇಯಿಸಿದರೆ ಸೊಪ್ಪಿನ ಸತ್ವವು ಉಳಿಯುತ್ತದೆ. ಕಟ್ಟಿನ ಸಾರು ಮರುದಿನ ಹೆಚ್ಚು ರುಚಿ ಎಂಬ ಮಾತಿದೆ. ಮರುದಿನಕ್ಕೆ ಇಡುವುದಾದಲ್ಲಿ ಮುಂದೆ ತಿಳಿಸಿರುವ ಎಚ್ಚರಿಕೆಗಳನ್ನು ಪಾಲಿಸಬೇಕು.

ತುಳು ಭಾಷೆಯಲ್ಲಿ ಹುರುಳಿಗೆ ಕುಡು ಎಂದು ಹೆಸರು. ಕರಾವಳಿಯಲ್ಲಿ ಕುಡುವಿನ ಸಾರನ್ನು ಕುಚ್ಚಲಕ್ಕಿ ಅನ್ನದೊಡನೆ ಉಣ್ಣುತ್ತಾರೆ. ಉತ್ತರ ಕರ್ನಾಟಕದಲ್ಲಿ ಹುರುಳಿಯ ಜೊತೆಗೆ ಮಡಕೆಕಾಳು, ಅಲಸಂದೆ ಹಾಗೂ ಹೆಸರುಕಾಳಿನ ಪಲ್ಯಗಳು ಜೋಳದ ರೊಟ್ಟಿಗೆ ಸಂಗಾತಿಯಾಗಿವೆ.

ಇತರ ಒಣ ಕಾಳುಗಳಿಗೆ ನೆನೆಸುವ ಮತ್ತು ಬೇಯಿಸುವ ಸಮಯ

ಬೇಯಿಸುವ ಸಮಯವು ಕುಕ್ಕರ್‌ನ ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ ಬೇಕಾಗುವ ಅಂದಾಜು ಸಮಯವಾಗಿದೆ. ಕಾಳಿನ ವಯಸ್ಸು ಹಾಗೂ ನೀರಿನ ಗುಣಕ್ಕೆ ತಕ್ಕಂತೆ ವ್ಯತ್ಯಾಸವಾಗಬಹುದು.

- ಹೆಸರುಕಾಳು: ನೆನೆಸಲು 4ರಿಂದ 6 ಗಂಟೆ, ಬೇಯಿಸಲು 5ರಿಂದ 8 ನಿಮಿಷ
- ಮಡಕೆಕಾಳು: ನೆನೆಸಲು 6ರಿಂದ 8 ಗಂಟೆ, ಬೇಯಿಸಲು 5ರಿಂದ 8 ನಿಮಿಷ
- ಅಲಸಂದೆಕಾಳು: ನೆನೆಸಲು 4ರಿಂದ 6 ಗಂಟೆ, ಬೇಯಿಸಲು 8ರಿಂದ 10 ನಿಮಿಷ
- ಒಣ ಬಟಾಣಿ: ನೆನೆಸಲು 8 ಗಂಟೆ, ಬೇಯಿಸಲು 10ರಿಂದ 12 ನಿಮಿಷ
- ಕಡಲೆಕಾಳು: ನೆನೆಸಲು 8ರಿಂದ 10 ಗಂಟೆ, ಬೇಯಿಸಲು 15ರಿಂದ 20 ನಿಮಿಷ
- ಒಣ ಅವರೆಕಾಳು: ನೆನೆಸಲು 8ರಿಂದ 10 ಗಂಟೆ, ಬೇಯಿಸಲು 15ರಿಂದ 20 ನಿಮಿಷ
- ರಾಜ್ಮಾ: ನೆನೆಸಲು 10ರಿಂದ 12 ಗಂಟೆ, ಬೇಯಿಸಲು 20ರಿಂದ 25 ನಿಮಿಷ

ವಿಶೇಷ ಎಚ್ಚರಿಕೆ: ರಾಜ್ಮಾ ಕಾಳಿನಲ್ಲಿ, ಅದರಲ್ಲಿಯೂ ಕೆಂಪು ರಾಜ್ಮಾದಲ್ಲಿ, ಲೆಕ್ಟಿನ್ ಎಂಬ ಗುಂಪಿಗೆ ಸೇರಿದ ವಿಷಕಾರಿ ಅಂಶವಿರುತ್ತದೆ. ನಾಲ್ಕೈದು ಹಸಿ ಕಾಳುಗಳನ್ನು ತಿಂದರೂ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ಹಾಗೂ ಹೊಟ್ಟೆನೋವು ಉಂಟಾಗಬಹುದು. ಚೆನ್ನಾಗಿ ಕುದಿಸುವುದರಿಂದ ಈ ಅಂಶವು ನಾಶವಾಗುತ್ತದೆ. ಕುದಿಯದೆ ಬರೀ ಬಿಸಿಯಾದ ನೀರಿನಲ್ಲಿ ಬಹಳ ಹೊತ್ತು ಇಟ್ಟಲ್ಲಿ ಅದು ಉಳಿದುಕೊಳ್ಳುತ್ತದೆ. ಆದುದರಿಂದ ರಾಜ್ಮಾವನ್ನು ನೆನೆಸಿದ ನೀರನ್ನು ಕಡ್ಡಾಯವಾಗಿ ಚೆಲ್ಲಿ, ಹೊಸ ನೀರಿನಲ್ಲಿ ಪೂರ್ಣವಾಗಿ ಮೆತ್ತಗಾಗುವವರೆಗೆ ಬೇಯಿಸಬೇಕು. ಒಣ ಅವರೆಯ ಕಪ್ಪು ಹಾಗೂ ಗಾಢ ಬಣ್ಣದ ಬಗೆಗಳಿಗೂ ಇದೇ ಕ್ರಮವನ್ನು ಅನುಸರಿಸುವುದು ಕ್ಷೇಮ.

ಕಾಳು ಬೇಯದಿರಲು ಕಾರಣಗಳು ಮತ್ತು ಪರಿಹಾರ

ಹಳೆಯ ಕಾಳು: ಗಡುಸಾದ ಕಾಳನ್ನು 12 ಗಂಟೆ ನೆನೆಸಿ, ಕುಕ್ಕರ್‌ನಲ್ಲಿ 10 ನಿಮಿಷ ಹೆಚ್ಚು ಬೇಯಿಸಬೇಕು. ಆಗಲೂ ಮೆತ್ತಗಾಗದಿದ್ದಲ್ಲಿ ರುಬ್ಬಿ ಸಾರಿಗೆ ಬಳಸಬಹುದು.

ಗಡಸು ನೀರು: ಆಳದ ಕೊಳವೆಬಾವಿಯ ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದಲ್ಲಿ ಅವು ಕಾಳಿನ ಸಿಪ್ಪೆಯನ್ನು ಬಿಗಿಗೊಳಿಸುತ್ತವೆ. ಅಂತಹ ನೀರನ್ನು ಒಮ್ಮೆ ಕುದಿಸಿ ತಣಿಸಿ, ತಳದಲ್ಲಿ ನಿಂತ ಸುಣ್ಣವನ್ನು ಬಿಟ್ಟು ಮೇಲಿನ ತಿಳಿನೀರನ್ನು ಬಳಸಬಹುದು. ಶುದ್ಧ ಕುಡಿಯುವ ನೀರಿನ ಘಟಕದ ನೀರು ಲಭ್ಯವಿದ್ದಲ್ಲಿ ನೆನೆಸಲು ಮತ್ತು ಬೇಯಿಸಲು ಅದನ್ನೇ ಬಳಸುವುದು ಒಳ್ಳೆಯದು.

ಹುಳಿ: ಹುಣಸೆಹಣ್ಣು, ಟೊಮೆಟೊ, ಮಾವಿನಕಾಯಿ ಮೊದಲಾದ ಹುಳಿ ಪದಾರ್ಥಗಳನ್ನು ಕಾಳು ಬೇಯುವ ಮುನ್ನ ಹಾಕಿದಲ್ಲಿ ಕಾಳು ಮೆತ್ತಗಾಗುವುದಿಲ್ಲ. ಹುಳಿಯನ್ನು ಕಾಳು ಪೂರ್ಣವಾಗಿ ಬೆಂದ ಮೇಲೆಯೇ ಹಾಕಬೇಕು.

ಉಳಿದ ಪದಾರ್ಥವನ್ನು ಕಾಪಾಡುವಿಕೆ

ಬೆಂದ ಕಾಳು ಬೇಗ ಹಳಸುತ್ತದೆ. ಮೇಲ್ನೋಟಕ್ಕೆ ಕೆಡದಂತೆ ಕಂಡರೂ, ಹಳಸಿದ ವಾಸನೆ ಬಾರದಿದ್ದರೂ ರೋಗಾಣುಗಳು ಬೆಳೆದಿರಬಹುದು. ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು:

1. ಬೆಂದ ಕಾಳು ಮತ್ತು ಸಾರನ್ನು ಎರಡು ಗಂಟೆಗಳಿಗಿಂತ ಹೆಚ್ಚು ಕಾಲ ಹೊರಗೆ ಇಡಬಾರದು.
2. ತಂಗಳು ಪೆಟ್ಟಿಗೆ ಇರುವವರು ಅಗಲವಾದ ಪಾತ್ರೆಯಲ್ಲಿ ಬೇಗನೆ ತಣಿಸಿ ಒಳಗಿಡಬೇಕು ಹಾಗೂ ಎರಡು ದಿನಗಳೊಳಗೆ ಬಳಸಬೇಕು.
3. ತಂಗಳು ಪೆಟ್ಟಿಗೆ ಇಲ್ಲದವರು ಒಂದು ಹೊತ್ತಿಗೆ ಬೇಕಾದಷ್ಟನ್ನೇ ಬೇಯಿಸುವುದು ಸೂಕ್ತ.
4. ಮತ್ತೆ ಬಳಸುವಾಗ ಬರೀ ಬೆಚ್ಚಗೆ ಮಾಡದೆ ಚೆನ್ನಾಗಿ ಕುದಿಸಬೇಕು. ಕಾಳಿನ ಪಲ್ಯವನ್ನು ಹೊಗೆಯಾಡುವಷ್ಟು ಬಿಸಿ ಮಾಡಬೇಕು.
5. ತೆಂಗಿನ ತುರಿ ಹಾಕಿದ ಪಲ್ಯವು ಇನ್ನೂ ಬೇಗ ಕೆಡುವುದರಿಂದ, ಉಳಿಸುವ ಪಾಲಿಗೆ ತುರಿಯನ್ನು ಬೆರೆಸಬಾರದು.

ಒಣ ಕಾಳನ್ನು ಎರಡು ಮೂರು ದಿನ ಒಳ್ಳೆಯ ಬಿಸಿಲಿನಲ್ಲಿ ಒಣಗಿಸಿ, ತಣ್ಣಗಾದ ಮೇಲೆ ಗಾಳಿಯಾಡದ ಡಬ್ಬದಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಇಡಬೇಕು. ಬಿಸಿ ಇರುವಾಗಲೇ ತುಂಬಿದಲ್ಲಿ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಒಣಗಿದ ಬೇವಿನ ಎಲೆಯನ್ನು ನಡುನಡುವೆ ಹಾಕುವುದು ರೂಢಿಯಲ್ಲಿದೆ. ಮನೆಬಳಕೆಯ ಕಾಳಿಗೆ ಕೀಟನಾಶಕದ ಪುಡಿ ಅಥವಾ ಮಾತ್ರೆಗಳನ್ನು ಹಾಕಕೂಡದು. ಕಾಳಿಗೆ ಇಡುವ ಮಾತ್ರೆಗಳಿಂದ ಹೊರಡುವ ವಿಷಾನಿಲವು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾಗಿದೆ.

ಮಕ್ಕಳು ಮತ್ತು ರೋಗಿಗಳಿಗೆ ಸಂಬಂಧಿಸಿದ ಸೂಚನೆಗಳು

ಆರು ತಿಂಗಳು ತುಂಬಿದ ಶಿಶುವಿಗೆ ತಾಯಿಯ ಹಾಲಿನೊಡನೆ ಪೂರಕ ಆಹಾರವನ್ನು ಆರಂಭಿಸಿದ ನಂತರ, ಚೆನ್ನಾಗಿ ಬೆಂದ ಕಾಳನ್ನು ಖಾರ ಹಾಕುವ ಮೊದಲೇ ತೆಗೆದು, ನುಣ್ಣಗೆ ಹಿಸುಕಿ, ಸಿಪ್ಪೆಯನ್ನು ಸೋಸಿ, ಅನ್ನ ಅಥವಾ ರಾಗಿ ಅಂಬಲಿಯೊಡನೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬಹುದು. ಸಣ್ಣ ಮಕ್ಕಳಿಗೆ ಇಡೀ ಕಾಳನ್ನು ಕೊಡಬಾರದು. ಕಾಳು ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ.

ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕಾಫಿ, ಚಹಾ ಸೇವಿಸಿದಲ್ಲಿ ಕಾಳಿನ ಕಬ್ಬಿಣಾಂಶವು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಕನಿಷ್ಠ ಒಂದು ಗಂಟೆಯ ಅಂತರವಿರಬೇಕು. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕಾಗುತ್ತದೆ. ಮೇಲೆ ತಿಳಿಸಿದ 50 ಗ್ರಾಂ ಕಾಳಿನಲ್ಲಿ ಇರುವುದು ಅದರ ಸುಮಾರು ಏಳನೆಯ ಒಂದು ಭಾಗ ಮಾತ್ರ. ಅದರಲ್ಲಿಯೂ ದೇಹಕ್ಕೆ ಸೇರುವುದು ಸ್ವಲ್ಪವೇ. ಆದುದರಿಂದ ಆಸ್ಪತ್ರೆ ಅಥವಾ ಅಂಗನವಾಡಿಯ ಮೂಲಕ ನೀಡಲಾಗುವ ಕಬ್ಬಿಣಾಂಶದ ಮಾತ್ರೆಗಳನ್ನು ಕಾಳು ತಿನ್ನುತ್ತಿದ್ದೇವೆಂಬ ಕಾರಣಕ್ಕೆ ನಿಲ್ಲಿಸಬಾರದು.

ಮೂತ್ರಪಿಂಡದ ಕಾಯಿಲೆ ಇರುವವರು ಬೇಳೆಕಾಳುಗಳ ಪ್ರಮಾಣವನ್ನು ವೈದ್ಯರ ಸಲಹೆಯಂತೆ ನಿರ್ಧರಿಸಿಕೊಳ್ಳಬೇಕು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಬಹುದೇ?
ಉತ್ತರ: ಸೋಡಾ ಹಾಕಿದಲ್ಲಿ ಕಾಳು ಬೇಗ ಮೆತ್ತಗಾಗುವುದು ನಿಜ. ಆದರೆ ಕಾಳಿನಲ್ಲಿರುವ ಬಿ1 ಜೀವಸತ್ವವು ನಾಶವಾಗುತ್ತದೆ ಹಾಗೂ ರುಚಿ ಕೆಡುತ್ತದೆ. ರಾತ್ರಿಯಿಡೀ ನೆನೆಸುವುದೇ ಸರಿಯಾದ ಕ್ರಮ.

ಪ್ರಶ್ನೆ: ಉಪ್ಪನ್ನು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲವೇ?
ಉತ್ತರ: ಅಡುಗೆಗೆ ಹಾಕುವಷ್ಟು ಉಪ್ಪಿನಿಂದ ಕಾಳು ಗಡುಸಾಗುವುದಿಲ್ಲ. ಬೇಯಲು ಅಡ್ಡಿಯಾಗುವುದು ಹುಳಿ. ಆದರೂ ಬಸಿದ ಕಟ್ಟು ಮತ್ತು ಕಾಳು ಎರಡಕ್ಕೂ ಉಪ್ಪಿನ ಅಳತೆ ತಪ್ಪದಿರಲೆಂದು ನಂತರ ಹಾಕುವುದು ಅನುಕೂಲ.

ಪ್ರಶ್ನೆ: ನೆನೆಸಲು ಮರೆತಲ್ಲಿ ಏನು ಮಾಡಬೇಕು?
ಉತ್ತರ: ಕಾಳನ್ನು ಕುದಿಯುವ ನೀರಿಗೆ ಹಾಕಿ ಎರಡು ಮೂರು ನಿಮಿಷ ಕುದಿಸಿ, ಒಲೆ ಆರಿಸಿ, ಒಂದು ಗಂಟೆ ಮುಚ್ಚಿಟ್ಟು, ನೀರನ್ನು ಬದಲಿಸಿ ಬೇಯಿಸಬಹುದು. ನೆನೆಸದೆ ನೇರವಾಗಿ ಬೇಯಿಸುವುದಾದಲ್ಲಿ ಸಮಯ ಮತ್ತು ಅನಿಲ ಸುಮಾರು ಎರಡರಷ್ಟು ಬೇಕಾಗುತ್ತದೆ.

ಪ್ರಶ್ನೆ: ಹುರುಳಿಯಿಂದ ಮೂತ್ರಪಿಂಡದ ಕಲ್ಲು ಕರಗುತ್ತದೆಯೇ?
ಉತ್ತರ: ಹುರುಳಿ ಕಟ್ಟನ್ನು ಇದಕ್ಕಾಗಿ ಕುಡಿಯುವ ರೂಢಿ ಹಲವೆಡೆ ಇದೆ. ಆಹಾರವಾಗಿ ಹುರುಳಿಯನ್ನು ಸೇವಿಸಲು ಅಡ್ಡಿಯಿಲ್ಲ. ಆದರೆ ಅದನ್ನೇ ಚಿಕಿತ್ಸೆಯೆಂದು ನಂಬಿ ವೈದ್ಯರನ್ನು ಕಾಣುವುದನ್ನು ತಡಮಾಡಬಾರದು. ಸೊಂಟದ ಪಕ್ಕದಲ್ಲಿ ತೀವ್ರ ನೋವು, ಜ್ವರ, ಮೂತ್ರದಲ್ಲಿ ರಕ್ತ ಅಥವಾ ಮೂತ್ರ ಕಟ್ಟಿಕೊಳ್ಳುವುದು ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ವಾಯುವಿನ ತೊಂದರೆ ಇರುವವರು ಕಾಳನ್ನು ಬಿಡಬೇಕೇ?
ಉತ್ತರ: ಪೂರ್ಣವಾಗಿ ಬಿಡುವ ಅಗತ್ಯವಿಲ್ಲ. ನೆನೆಸಿದ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸಿ, ಮೊದಲಿಗೆ ಸ್ವಲ್ಪ ಪ್ರಮಾಣದಲ್ಲಿ ತಿಂದು ಕ್ರಮೇಣ ಹೆಚ್ಚಿಸಿಕೊಂಡಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ. ಒಗ್ಗರಣೆಯ ಇಂಗು, ಬೆಳ್ಳುಳ್ಳಿ, ಜೀರಿಗೆಗಳನ್ನು ಹಿಂದಿನಿಂದಲೂ ಈ ಉದ್ದೇಶಕ್ಕಾಗಿಯೇ ಬಳಸಲಾಗುತ್ತಿದೆ.

ನೆನಪಿಡಬೇಕಾದ ಮುಖ್ಯಾಂಶಗಳು

- ನೆನೆಸಿದ ನೀರನ್ನು ಚೆಲ್ಲಬೇಕು, ಬೇಯಿಸಿದ ಕಟ್ಟನ್ನು ಉಳಿಸಬೇಕು.
- ಹುಳಿಯನ್ನು ಕಾಳು ಬೆಂದ ನಂತರ, ನಿಂಬೆರಸವನ್ನು ಬಡಿಸುವಾಗ ಹಾಕಬೇಕು.
- ಔಷಧಿ ಲೇಪಿಸಿದ ಬಿತ್ತನೆ ಬೀಜವನ್ನು ಅಡುಗೆಗೆ ಬಳಸಕೂಡದು.
- ರಾಜ್ಮಾವನ್ನು ಅರೆಬೆಂದ ಸ್ಥಿತಿಯಲ್ಲಿ ತಿನ್ನಕೂಡದು.
- ಉಳಿದುದನ್ನು ಎರಡು ಗಂಟೆಯೊಳಗೆ ತಣ್ಣಗಿನ ಸ್ಥಳಕ್ಕೆ ಸೇರಿಸಿ, ಕುದಿಸಿಯೇ ಮತ್ತೆ ಬಳಸಬೇಕು.
- ಸಾರಿನೊಡನೆ ಕಾಳನ್ನೂ ಮನೆಯ ಎಲ್ಲರಿಗೂ, ವಿಶೇಷವಾಗಿ ಮಹಿಳೆಯರು ಮತ್ತು ಮಕ್ಕಳಿಗೆ, ಸಮನಾಗಿ ಬಡಿಸಬೇಕು.